5,500 ಡಾಲರ್‌ಗೆ ಹಳೆ ಕಟ್‌ನ ವಜ್ರ: ಒಂದು ನಿಶ್ಚಿತಾರ್ಥದ ಉಂಗುರದ ಪ್ರಕರಣ ಅಧ್ಯಯನ

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಕೆಲಸದಲ್ಲಿರುವ ಕನ್ನಡದ ಜೋಡಿಯೊಂದನ್ನು ಇಟ್ಟುಕೊಂಡು ನೋಡೋಣ. ನಿಶ್ಚಿತಾರ್ಥಕ್ಕೆ ಐದು ತಿಂಗಳಿದೆ. ಹುಡುಗಿಗೆ ಈಗಿನ ರೌಂಡ್ ಬ್ರಿಲಿಯಂಟ್ (ದುಂಡಗಿನ ಹೊಸ ಕಟ್) ಹಿಡಿಸುವುದಿಲ್ಲ, ನೂರು ವರ್ಷ ಹಿಂದಿನ ಕಟ್‌ನ, ಅಂದರೆ ಆ ಕಾಲದ ರೀತಿಯಲ್ಲಿ ಮುಖಗಳನ್ನು ಕತ್ತರಿಸಿದ ಕಲ್ಲೇ ಬೇಕು. ಬೆರಳಿನ ಅಳತೆ ಅಮೆರಿಕದ ಲೆಕ್ಕದಲ್ಲಿ ಐದೂವರೆ, ಅಂದರೆ ಉಂಗುರದ ಒಳವ್ಯಾಸ ಸುಮಾರು 16.1 ಮಿ.ಮೀ. ಕಲ್ಲು, ಕೂಲಿ, ತೆರಿಗೆ ಎಲ್ಲ ಸೇರಿ ಕೈಯಲ್ಲಿರುವುದು 5,500 ಡಾಲರ್. ಅವರು ಬರೆದುಕೊಂಡ ಪಟ್ಟಿ: ಒಂದು ಕ್ಯಾರೆಟ್, ಜಿ ಬಣ್ಣ (ಬಣ್ಣದ ಅಕ್ಷರ ಡಿಯಿಂದ ಝಡ್‌ನತ್ತ ಹೋದಷ್ಟೂ ಹಳದಿ ಹೆಚ್ಚು), ವಿಎಸ್ ಶುದ್ಧತೆ (ಒಳದೋಷ ತೀರ ಸಣ್ಣದು), ಕಟ್ 'ಎಕ್ಸಲೆಂಟ್'.

ಪಟ್ಟಿ ಹೊಸ ಕಲ್ಲಿನದು. ಹಳೆ ಕಟ್‌ಗೆ ಕಟ್ ದರ್ಜೆಯೇ ಇಲ್ಲ: ವಜ್ರಗಳಿಗೆ ದರ್ಜೆ ಕೊಡುವ ಅಮೆರಿಕದ ಸಂಸ್ಥೆ ಜಿಐಎ ಅದನ್ನು ಶುರುಮಾಡಿದ್ದು ಇಂದಿನ ಮಾದರಿಯ ರೌಂಡ್ ಬ್ರಿಲಿಯಂಟ್‌ಗೆ, ಅದೂ 2006ರಿಂದ ಈಚೆಗೆ. ಇನ್ನು ಹಳೆ ಕಲ್ಲುಗಳಲ್ಲಿ ಜಿ ಬಣ್ಣದ್ದು ವಿರಳ, ಸಿಕ್ಕರೆ ದುಬಾರಿ. 1867ರ ನಂತರ ದಕ್ಷಿಣ ಆಫ್ರಿಕದಿಂದ ಹರಿದುಬಂದ ಕಚ್ಚಾ ವಜ್ರದಲ್ಲಿ ಹಳದಿ ಛಾಯೆಯದ್ದು ಧಾರಾಳವಾಗಿತ್ತು. ವ್ಯಾಪಾರಿಗಳು ಇಂದಿಗೂ ಅಂಥ ಕಲ್ಲನ್ನು 'ಕೇಪ್' ಎಂದೇ ಕರೆಯುತ್ತಾರೆ. ಹಾಗಾಗಿ ಈ ಬಜೆಟ್‌ನಲ್ಲಿ ಮೊದಲು ಬಿಡಬೇಕಾದದ್ದು ಬಣ್ಣದ ಅಕ್ಷರ. ಬಿಡಬಾರದ್ದು ಕಲ್ಲಿನ ಜೀವ, ಅಂದರೆ ಮೇಲಿನಿಂದ ನೋಡಿದಾಗ ಕಲ್ಲು ತುಂಬ ಬೆಳಕು ತಿರುಗಿ ಬರುತ್ತದೆಯೇ ಎಂಬುದು. ಉಳಿದ ತೀರ್ಮಾನಗಳೆಲ್ಲ ಇದರ ಸುತ್ತಲೇ ತಿರುಗಿದವು.

ಅಜ್ಜಿಯ ಬೆಂಡೋಲೆ ಏಕೆ ಆಗಲಿಲ್ಲ

ಮೈಸೂರಿನ ಮನೆಯಲ್ಲಿ ಅಜ್ಜಿಯ ಕಾಲದ ಏಳು ಕಲ್ಲಿನ ವಜ್ರದ ಬೆಂಡೋಲೆ ಇದೆ. ಅದರಿಂದಲೇ ಒಂದು ಹರಳು ಬಿಡಿಸಿದರೆ ಕಲ್ಲಿನ ಖರ್ಚೇ ಉಳಿಯಿತಲ್ಲ ಎಂಬ ಮಾತು ಸಹಜವಾಗಿ ಬಂತು. ಒಂಟಿ ಕಲ್ಲಿನ ಉಂಗುರಕ್ಕೆ ಅದು ಹೊಂದಲಿಲ್ಲ. ಹೂವಿನಾಕಾರದ ಬೆಂಡೋಲೆಯ ಹರಳುಗಳು ಚಿಕ್ಕವು, ಇಲ್ಲಿ ಒಂದೊಂದೂ ಇಪ್ಪತ್ತು ಸೆಂಟ್‌ನ ಆಸುಪಾಸು. ನೂರು ಸೆಂಟ್ ಸೇರಿದರೆ ಒಂದು ಕ್ಯಾರೆಟ್. ಮೇಲಾಗಿ ಕಲ್ಲುಗಳ ಹಿಂಬದಿ ಮುಚ್ಚಿದೆ, ಅಡಿಯಲ್ಲಿ ತಗಡಿನ ಹಾಳೆ ಇದೆ. ಮುಚ್ಚಿದ ಕಟ್ಟಿನ ಕಲ್ಲಿಗೆ ಅರ್ಧ ಹೊಳಪು ಆ ತಗಡಿನದೇ. ಬಿಡಿಸಿ ಬಿಳಿ ಕಾಗದದ ಮೇಲಿಟ್ಟಾಗ ಬಣ್ಣ, ಅಂಚಿನ ಒಡಕು ಎಲ್ಲ ಬಯಲಾಗುತ್ತವೆ. ಒಂದು ಹರಳು ತೆಗೆದರೆ ಜೋಡಿಯೂ ಕೆಡುತ್ತದೆ. ಬೆಂಡೋಲೆಯನ್ನು ಹಾಗೇ ಉಳಿಸಿಕೊಳ್ಳುವುದೇ ಸರಿ. (ಅಂಥ ಒಡವೆಯನ್ನು ನೀರಿನಲ್ಲಿ ನೆನೆಸಿ ತೊಳೆಯಬಾರದು. ನೀರು ಒಳಹೊಕ್ಕರೆ ತಗಡು ಕಪ್ಪಾಗಿ ಕಲ್ಲು ಸತ್ತಂತೆ ಕಾಣುತ್ತದೆ.)

ಹಣದ ಲೆಕ್ಕ ಹಿಂದಿನಿಂದ

ಕಲ್ಲಿಗೆ 4,500, ಉಳಿದದ್ದರಲ್ಲಿ ಉಂಗುರ ಎಂದು ಅವರು ಅಂದುಕೊಂಡಿದ್ದರು. ಲೆಕ್ಕ ಹಾಕಬೇಕಾದದ್ದು ಕೊನೆಯಿಂದ. ಮಾರುವವರಿಗೆ ಸಂಬಂಧವಿಲ್ಲದ ಪರೀಕ್ಷಕರಿಗೆ 125 ತೆಗೆದಿಟ್ಟರೆ 5,375 ಉಳಿಯಿತು. ವಜ್ರದ ಅಂಗಡಿಗಳ ಸಾಲಿರುವ ಮ್ಯಾನ್‌ಹಟನ್‌ನ 47ನೇ ಬೀದಿಯಲ್ಲಿ ಕೊಂಡು ಅಲ್ಲೇ ಕೈಗೆ ತೆಗೆದುಕೊಂಡರೆ ನ್ಯೂಯಾರ್ಕ್ ನಗರದ ಮಾರಾಟ ತೆರಿಗೆ ಶೇ. 8.875, ನ್ಯೂಜೆರ್ಸಿಯಲ್ಲಾದರೆ ಶೇ. 6.625. ಹೆಚ್ಚಿನ ದರವನ್ನೇ ಹಿಡಿದು 5,375ನ್ನು 1.08875ರಿಂದ ಭಾಗಿಸಿದರೆ ಸುಮಾರು 4,937. ಉಂಗುರ ಮಾಡಿಸಲು 1,150 ಕಳೆದರೆ ಕಲ್ಲಿಗೆ ಮಿತಿ 3,787. ಅಂದುಕೊಂಡದ್ದಕ್ಕಿಂತ ಏಳುನೂರು ಡಾಲರ್ ಕಡಿಮೆ. ಇದನ್ನು ಅಂಗಡಿಗೆ ಹೋಗುವ ಮೊದಲೇ ತಿಳಿದುಕೊಳ್ಳದಿದ್ದರೆ ಕೊನೆಗೆ ಬಡವಾಗುವುದು ಉಂಗುರ: ಒಳ್ಳೆಯ ಕಲ್ಲು, ತೆಳ್ಳಗಿನ ಎರಕದ ಕಟ್ಟು. ಅಂಚು ತೆಳುವಾದ ಹಳೆ ಕಲ್ಲಿಗೆ ಅದು ಅಪಾಯ.

ಹಳೆ ಕಟ್ ಎಂದರೆ ಏನನ್ನು ನೋಡಬೇಕು

ಓಲ್ಡ್ ಮೈನ್ ಕಟ್ ಮೂಲೆ ಉರುಟಾದ ಚೌಕ; 18 ಮತ್ತು 19ನೇ ಶತಮಾನದ್ದು. ಓಲ್ಡ್ ಯೂರೋಪಿಯನ್ ಕಟ್ ದುಂಡಗಿನದು. ಕಲ್ಲನ್ನು ದುಂಡಾಗಿಸುವ ಯಂತ್ರ 1870ರ ದಶಕದಲ್ಲಿ ಬಂದ ಮೇಲೆ ಹರಡಿ, 1930ರ ಹೊತ್ತಿಗೆ ಹಿಂದೆ ಸರಿಯಿತು. ಎರಡಕ್ಕೂ ಸಾಮಾನ್ಯವಾದದ್ದು ಎತ್ತರದ ಕ್ರೌನ್ (ಕಲ್ಲಿನ ಮೇಲ್ಭಾಗ), ಸಣ್ಣ ಟೇಬಲ್ (ನೆತ್ತಿಯ ಚಪ್ಪಟೆ ಮುಖ), ಕೆಳತುದಿಯನ್ನು ಚಪ್ಪಟೆಯಾಗಿಸಿದ ದೊಡ್ಡ ಕ್ಯುಲೆಟ್. ಕಚ್ಚಾ ವಜ್ರ ಹೆಚ್ಚಾಗಿ ಎರಡು ಪಿರಮಿಡ್ ಅಡಿಗೆ ಅಡಿ ಜೋಡಿಸಿದ ಆಕಾರದ್ದು. ಅದನ್ನು ಗರಗಸದಲ್ಲಿ ಸೀಳುವುದು ಸುಲಭವಾಗುವ ಮೊದಲು ಮೇಲಿನ ತುದಿಯನ್ನು ಉಜ್ಜಿ ಉಜ್ಜಿಯೇ ಟೇಬಲ್ ಮಾಡಬೇಕಿತ್ತು, ಉಜ್ಜಿದ್ದೆಲ್ಲ ಪುಡಿಯಾಗಿ ಹೋಗುತ್ತಿತ್ತು. ಆದ್ದರಿಂದ ಕಡಿಮೆ ಉಜ್ಜಿದರು, ಕ್ರೌನ್ ಎತ್ತರವಾಗಿ ಉಳಿಯಿತು.

ಕಣ್ಣಿಗೆ ಕಾಣುವ ವ್ಯತ್ಯಾಸ ಬರುವುದು ಕೆಳಭಾಗದ ಮುಖಗಳಿಂದ. ಹೊಸ ಕಟ್‌ನಲ್ಲಿ ಪೆವಿಲಿಯನ್‌ನ, ಅಂದರೆ ಕಲ್ಲಿನ ಕೆಳಭಾಗದ, ಲೋಯರ್ ಹಾಫ್ ಮುಖಗಳು (ಅಂಚಿನಿಂದ ಕೆಳತುದಿಯತ್ತ ಚಾಚುವ ಸಣ್ಣ ಮುಖಗಳು) ಅಂಚಿನಿಂದ ತುದಿಯವರೆಗಿನ ದೂರದ ಶೇ. 75ರಿಂದ 80ರಷ್ಟು ಉದ್ದ. ಬೆಳಕು ಸೂಜಿಗಳಂತೆ ಚೂರಾಗುತ್ತದೆ. ಹಳೆಯದರಲ್ಲಿ ಅವು ಗಿಡ್ಡ, ಮುಖ್ಯ ಮುಖಗಳು ಅಗಲ. ಹಾಗಾಗಿ ಹೂವಿನ ದಳಗಳಂತೆ ದಪ್ಪ ದಪ್ಪ ಮಿಂಚು, ನಡುನಡುವೆ ಕಪ್ಪು. ದೀಪ ಕಡಿಮೆ ಇರುವ ಕೋಣೆಯಲ್ಲಿ ಹಳೆ ಕಲ್ಲು ಗೆಲ್ಲುವುದು ಇದರಿಂದಲೇ.

ಓಲ್ಡ್ ಯೂರೋಪಿಯನ್ ಎಂದು ಬರೆಯಲು ಜಿಐಎ ನಾಲ್ಕು ಅಂಶ ನೋಡುತ್ತದೆ: ಟೇಬಲ್ ಕಲ್ಲಿನ ಅಗಲದ ಶೇ. 53 ಅಥವಾ ಕಡಿಮೆ, ಕ್ರೌನ್ ಕೋನ 40 ಡಿಗ್ರಿ ಅಥವಾ ಹೆಚ್ಚು, ಲೋಯರ್ ಹಾಫ್ ಶೇ. 60 ಅಥವಾ ಕಡಿಮೆ, ಕ್ಯುಲೆಟ್ 'ಸ್ಲೈಟ್ಲಿ ಲಾರ್ಜ್' ಅಥವಾ ದೊಡ್ಡದು. ಮೂರು ಹೊಂದಿದರೆ ಸಾಕು. ಹೊಂದದ ಹಳೆ ದುಂಡು ಕಲ್ಲುಗಳಲ್ಲಿ ಕೆಲವಕ್ಕೆ 'ಸರ್ಕ್ಯುಲರ್ ಬ್ರಿಲಿಯಂಟ್' ಎಂಬ ಹೆಸರು ಬರುತ್ತದೆ. ಅಂಗಡಿಯವರು ಟ್ರಾನ್ಸಿಷನಲ್ (ಹಳೆ ಕಟ್‌ನಿಂದ ಹೊಸದಕ್ಕೆ ಹೊರಳುವ ಕಾಲದ್ದು) ಎನ್ನುವ ಕಲ್ಲುಗಳಲ್ಲಿ ಬಹಳಷ್ಟು ಈ ಗುಂಪಿಗೆ ಸೇರುತ್ತವೆ.

ನಾಲ್ಕು ಕಲ್ಲುಗಳು

ಕೊನೆಯ ಸುತ್ತಿಗೆ ಉಳಿದದ್ದು ನಾಲ್ಕು. ಬೆಲೆಗಳು ಈ ಲೆಕ್ಕಕ್ಕೆ ಮಾತ್ರ. ಮಾರುಕಟ್ಟೆಯ ದರ ಎಂದು ಎತ್ತಿಕೊಳ್ಳಬಾರದು.

ಮೊದಲನೆಯದು 1.02 ಕ್ಯಾರೆಟ್, ಓಲ್ಡ್ ಯೂರೋಪಿಯನ್, ಜೆ ಬಣ್ಣ, ವಿಎಸ್2, ಜಿಐಎ ವರದಿ ಇದೆ. ಅಳತೆ 6.25 – 6.31 × 4.12 ಮಿ.ಮೀ. ಕೇಳಿದ್ದು 5,100. ಟೇಬಲ್ ಶೇ. 48, ಕ್ರೌನ್ 41 ಡಿಗ್ರಿ. ಪುಸ್ತಕದಲ್ಲಿ ತೋರಿಸುವಂಥ ಹಳೆ ಕಲ್ಲು. ಬಜೆಟ್ ದಾಟಿತು ಎಂಬುದು ಒಂದು ಮಾತು. ಇನ್ನೊಂದು, ಆಳ ಅಗಲದ ಶೇ. 65ಕ್ಕೂ ಮೇಲೆ ಇರುವುದರಿಂದ ತೂಕ ಎತ್ತರದಲ್ಲಿ ಅಡಗಿದೆ, ಅಗಲಕ್ಕೆ ಬಂದಿಲ್ಲ.

ಎರಡನೆಯದು 0.93 ಕ್ಯಾರೆಟ್, ಓಲ್ಡ್ ಯೂರೋಪಿಯನ್, ಎಲ್ ಬಣ್ಣ, ಎಸ್ಐ1 (ವಿಎಸ್‌ಗಿಂತ ಕೆಳಗಿನ ಶುದ್ಧತೆ), ಪ್ಲಾಟ್ (ಒಳದೋಷಗಳ ನಕ್ಷೆ) ಇರುವ ಹಳೆಯ ಜಿಐಎ ವರದಿ. 6.28 – 6.36 × 3.72 ಮಿ.ಮೀ. ಕೇಳಿದ್ದು 3,450. ಒಂಬತ್ತು ಸೆಂಟ್ ಹಗುರವಾದರೂ ಮೊದಲನೆಯದಕ್ಕಿಂತ ಕೂದಲೆಳೆಯಷ್ಟು ಅಗಲ. ಕ್ರೌನ್ 34 ಡಿಗ್ರಿ ಮಾತ್ರ, ಜಿಐಎ ಮಾನದಂಡದಲ್ಲಿ ಅಲ್ಲಿ ಸೋತು, ಉಳಿದ ಮೂರರಲ್ಲಿ (ಟೇಬಲ್ ಶೇ. 52, ಗಿಡ್ಡ ಲೋಯರ್ ಹಾಫ್, ದೊಡ್ಡ ಕ್ಯುಲೆಟ್) ಗೆದ್ದ ಕಲ್ಲು.

ಮೂರನೆಯದು ಹಳೆ ಉಂಗುರದಲ್ಲೇ ಕೂತಿರುವ ಓಲ್ಡ್ ಮೈನ್, 'ಸುಮಾರು 1.14 ಕ್ಯಾರೆಟ್, ಕೆ ಬಣ್ಣ', ವರದಿ ಇಲ್ಲ, 3,300. ಕ್ಯಾರೆಟ್ ಲೆಕ್ಕದಲ್ಲಿ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಅಪಾಯವೂ ಇದೇ. ಕಟ್ಟಿನಲ್ಲಿರುವ ಕಲ್ಲಿನ ತೂಕ ಅಳತೆಯಿಂದ ಮಾಡಿದ ಅಂದಾಜು. ಸುತ್ತಲಿನ ಹಳದಿ ಚಿನ್ನದ ನಡುವೆ ಬಣ್ಣ ಒಂದೆರಡು ಅಕ್ಷರ ಆಚೀಚೆಯಾದರೂ ತಿಳಿಯುವುದಿಲ್ಲ. ಲೂಪ್‌ನಲ್ಲಿ (ಪುಟ್ಟ ಭೂತಗನ್ನಡಿ) ನೋಡಿದಾಗ ಒಂದು ಪ್ರಾಂಗ್ (ಕಲ್ಲನ್ನು ಹಿಡಿದಿಡುವ ಕೊಕ್ಕೆ) ಉಳಿದವಕ್ಕಿಂತ ಅಗಲವಾಗಿ, ಗರ್ಡಲ್ (ಕಲ್ಲಿನ ಸೊಂಟದ ಅಂಚು) ಮೇಲೆ ಮಡಚಿಕೊಂಡಂತಿತ್ತು. ಹಳೆ ಉಂಗುರದಲ್ಲಿ ಅಂಥ ಪ್ರಾಂಗ್ ಕಂಡರೆ ಕೆಳಗೆ ಚಿಪ್ಪು ಹಾರಿದೆ ಎಂದೇ ಹಿಡಿಯುವುದು ಕ್ಷೇಮ. ಕಲ್ಲು ಬಿಚ್ಚಿ ತೋರಿಸಲು ಮಾರುವವರು ಒಪ್ಪಲಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು.

ನಾಲ್ಕನೆಯದು 0.90 ಕ್ಯಾರೆಟ್, ಎಚ್ ಬಣ್ಣ, ಎಸ್ಐ2, 3,700. ಅಕ್ಷರ ನೋಡಿದರೆ ಲಾಭ. ಆದರೆ ವರದಿಯಲ್ಲಿ 'ಸರ್ಕ್ಯುಲರ್ ಬ್ರಿಲಿಯಂಟ್', ದಳಗಳ ವಿನ್ಯಾಸ ಎದ್ದು ಕಾಣುವುದಿಲ್ಲ. ಟೇಬಲ್‌ನ ಅಡಿಯಲ್ಲಿ ಬರಿಗಣ್ಣಿಗೆ ಕಾಣುವ ಕಪ್ಪು ಚುಕ್ಕಿ ಬೇರೆ. ರತ್ನಪರೀಕ್ಷೆಯ ಬಿಂದು, ಕಾಕಪಾದ ಎಂದೆಲ್ಲ ದೋಷ ನೋಡುವ ಹಿರಿಯರು ಮನೆಯಲ್ಲಿದ್ದರೆ ಇಂಥ ಕಲ್ಲು ಆಯುಷ್ಯವಿಡೀ ಚರ್ಚೆಗೆ ಬೀಳುತ್ತದೆ.

ತೂಕದ ಮೆಟ್ಟಿಲುಗಳ ಬಗ್ಗೆ ಒಂದು ಮಾತು. 0.90, 1.00 ದಾಟಿದೊಡನೆ ಕ್ಯಾರೆಟ್ ದರ ಹಾರುತ್ತದೆ. 0.88ರ ಒಳ್ಳೆಯ ಕಲ್ಲು ಇನ್ನೂ ಲಾಭದ್ದು; ಐದು ತಿಂಗಳ ಗಡುವಿನಲ್ಲಿ ಅದು ಬರಲಿಲ್ಲ.

ಎರಡನೆಯ ಕಲ್ಲನ್ನು ನೋಡಿದ ರೀತಿ

ಮೊದಲು ತೊಳೆಸಿದರು. ಇದು ಮರ್ಯಾದೆಯ ಪ್ರಶ್ನೆಯಲ್ಲ. ಹಳದಿ ಮುಚ್ಚಲು ಪೆವಿಲಿಯನ್‌ಗೆ ಅಥವಾ ಗರ್ಡಲ್ ಹತ್ತಿರ ನೇರಳೆ ಶಾಯಿಯ ಚುಕ್ಕಿ ಇಡುವ ಹಳೆ ಚಾಳಿ ವ್ಯಾಪಾರದಲ್ಲಿದೆ. ಬಿಸಿ ಸೋಪಿನ ನೀರು, ಆಮೇಲೆ ಆಲ್ಕೋಹಾಲ್, ಎರಡೂ ಆದ ಮೇಲೆ ಕಾಣುವ ಬಣ್ಣವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ನಂತರ ಬಿಡಿ ಕಲ್ಲನ್ನು ತಕ್ಕಡಿಯಲ್ಲಿಟ್ಟು ತೂಕ, ಗೇಜ್‌ನಲ್ಲಿ ಅಳತೆ, ಎರಡನ್ನೂ ವರದಿಯೊಂದಿಗೆ ಹೋಲಿಸುವುದು. ಹಳೆ ಕಲ್ಲಿನ ಒರಟು ತೆಳು ಗರ್ಡಲ್ ಮೇಲೆ ಲೇಸರ್ ನಂಬರ್ ಇರುವುದು ಅಪರೂಪ, ಆದ್ದರಿಂದ ವರದಿ ಇದೇ ಕಲ್ಲಿನದೇ ಎಂದು ತಿಳಿಯಲು ತೂಕ, ಮಿ.ಮೀ. ಮತ್ತು ಒಳದೋಷಗಳ ಪ್ಲಾಟ್ ಮೂರೂ ಬೇಕು. ಜಿಐಎಯ ಡಾಸಿಯೆ ಮಾದರಿಯ ಚಿಕ್ಕ ವರದಿಯಲ್ಲಿ ಪ್ಲಾಟ್ ಇರುವುದಿಲ್ಲ. ಇಲ್ಲಿ ತೂಕ ಸರಿಬಂತು. ವರದಿ ಹಳೆಯದಾದ್ದರಿಂದ ಅದಾದ ಮೇಲೆ ಅಂಚಿಗೆ ಪೆಟ್ಟು ಬಿದ್ದಿದೆಯೇ ಎಂದು ಗರ್ಡಲ್ ಅನ್ನು ಹತ್ತು ಪಟ್ಟಿನ ಲೂಪ್‌ನಲ್ಲಿ ಸುತ್ತಲೂ ನೋಡಬೇಕಾಯಿತು.

ಎಸ್ಐ1ಗೆ ಕಾರಣ ಎರಡು: ಪೆವಿಲಿಯನ್ ಬದಿಯ ಮಂಜಿನಂಥ ಮೋಡ, ಗರ್ಡಲ್‌ಗೆ ತಾಗಿದ ಒಂದು ಫೆದರ್, ಅಂದರೆ ಸಣ್ಣ ಬಿರುಕು. ಮೋಡದಿಂದ ತೊಂದರೆಯಿಲ್ಲ. ಬಿರುಕು ಯೋಚನೆಯ ವಿಷಯ: ಒಂದೇ ಅಕ್ಷರದ ಶುದ್ಧತೆಯ ಎರಡು ಕಲ್ಲುಗಳಲ್ಲಿ ದೋಷ ಎಲ್ಲಿದೆ ಎಂಬುದರ ಮೇಲೆ ಒಂದು ಉಂಗುರಕ್ಕೆ ಆಗುತ್ತದೆ, ಇನ್ನೊಂದು ಆಗುವುದಿಲ್ಲ. ಇಲ್ಲಿ ಬಿರುಕು ಗರ್ಡಲ್‌ಗೆ ಸಮಾನಾಂತರವಾಗಿ, ಚಿಕ್ಕದಾಗಿತ್ತು. ಬಿರುಕಿನೊಳಗೆ ಗಾಜು ತುಂಬಿದ್ದರೆ ಕಲ್ಲನ್ನು ಓಲಾಡಿಸಿದಾಗ ಕಿತ್ತಳೆ-ನೇರಳೆ ಮಿಂಚೊಂದು ಹಾದುಹೋಗುತ್ತದೆ, ಅದು ಕಾಣಲಿಲ್ಲ. ತುಂಬಿಸಿದ ಕಲ್ಲಿಗೆ ಜಿಐಎ ದರ್ಜೆಯನ್ನೂ ಕೊಡುವುದಿಲ್ಲ.

ಬೆಳಕಿನ ಪರೀಕ್ಷೆ ಮೂರು ಕಡೆ. ಅಂಗಡಿಯ ಸ್ಪಾಟ್‌ಲೈಟ್‌ನಡಿ ಗಾಜೂ ಮಿಂಚುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಕಿಟಕಿಯ ಪಕ್ಕದ ಹಗಲು, ಆಫೀಸಿನಂಥ ಚದುರಿದ ಬಿಳಿ ದೀಪ, ಮಬ್ಬು ಕೋಣೆ, ಈ ಮೂರರಲ್ಲೂ ನೋಡಬೇಕು. ಪೆವಿಲಿಯನ್ ತೀರ ಚಪ್ಪಟೆಯಾದರೆ ಟೇಬಲ್‌ನೊಳಗೆ ಗರ್ಡಲ್‌ನ ಬೂದು ಬಳೆ ಕಾಣುತ್ತದೆ, ಮೀನಿನ ಕಣ್ಣು ಎಂದು ಅದನ್ನು ಕರೆಯುತ್ತಾರೆ. ತೀರ ಆಳವಾದರೆ ನಡುಭಾಗ ಕಪ್ಪಾಗುತ್ತದೆ. ಕ್ರೌನ್ ತಗ್ಗಾದ ಈ ಕಲ್ಲಿಗೆ ಮೊದಲನೆಯ ಭಯವಿತ್ತು. ನೇರ ನೋಟದಲ್ಲಿ ಬಳೆ ಇಲ್ಲ, ಚೆನ್ನಾಗಿ ಓಲಿಸಿದಾಗ ಮಾತ್ರ ಒಂದು ಬದಿಗೆ ತೆಳ್ಳಗೆ ಬಂತು. ಪೆವಿಲಿಯನ್ ಕೋನ 40.5 ಇದ್ದದ್ದರಿಂದ ಬಚಾವ್.

ಎಲ್ ಬಣ್ಣದ ಹೆದರಿಕೆ ಮುಗಿದದ್ದು ಹೀಗೆ: ಜಿಐಎ ಬಣ್ಣ ನೋಡುವುದು ಕಲ್ಲನ್ನು ಬೋರಲಾಗಿಟ್ಟು, ಪೆವಿಲಿಯನ್ ಕಡೆಯಿಂದ. ಬೆರಳಿನ ಮೇಲೆ ಯಾರೂ ಹಾಗೆ ನೋಡುವುದಿಲ್ಲ. ಮೇಲಿನಿಂದ ಮಿಂಚಿನ ನಡುವೆ ಉಳಿದದ್ದು ತುಪ್ಪದಂಥ ನಸು ಬೆಚ್ಚನೆಯ ಛಾಯೆ. ಮಧ್ಯಮ ನೀಲಿ ಫ್ಲೋರೆಸೆನ್ಸ್ (ಅತಿನೇರಳೆ ಬೆಳಕಿಗೆ ಕಲ್ಲು ಹೊಮ್ಮಿಸುವ ಹೊಳಪು) ಕೂಡ ಇತ್ತು. ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ಅದು ಹಳದಿಯನ್ನು ಒಂದಿಷ್ಟು ತಗ್ಗಿಸುತ್ತದೆ. ದಕ್ಷಿಣದ ವಜ್ರದ ಅಂಗಡಿಗಳಲ್ಲಿ 'ಬ್ಲೂ ಜಾಗರ್' ಎಂದು ದುಡ್ಡು ಕೊಟ್ಟು ಕೊಳ್ಳುವ ಗುಣವೂ ನೀಲಿ ಹೊಳಪಿನದೇ. ಆ ಹೆಸರು ದಕ್ಷಿಣ ಆಫ್ರಿಕದ ಜಾಗರ್ಸ್‌ಫಾಂಟೀನ್ ಗಣಿಯಿಂದ ಬಂದದ್ದು. ಫ್ಲೋರೆಸೆನ್ಸ್ ತೀರ ಬಲವಾಗಿದ್ದರೆ ಕೆಲವು ಕಲ್ಲುಗಳು ಹಾಲು ಹನಿಸಿದಂತೆ ಮಸುಕಾಗುತ್ತವೆ, ಬಿಸಿಲಿಗೆ ಒಯ್ದು ನೋಡದೆ ಅದು ತಿಳಿಯದು.

ಹುಡುಗಿಯ ತಾಯಿ ವಿಡಿಯೋ ಕಾಲ್‌ನಲ್ಲಿ ನೋಡಿ, "ನಡುವೆ ತೂತಿದ್ದ ಹಾಗಿದೆಯಲ್ಲೇ" ಎಂದರು. ಅದು ಕ್ಯುಲೆಟ್. ಚಪ್ಪಟೆ ತುದಿಯ ಮೂಲಕ ಬೆಳಕು ಹೊರಗೆ ಸೋರುವುದರಿಂದ ಪುಟ್ಟ ವೃತ್ತ ಕಾಣುತ್ತದೆ. ದೋಷವಲ್ಲ, ಈ ಕಟ್‌ನ ಗುರುತು. ಆದರೆ ದಿನವೂ ಧರಿಸುವವರಿಗೆ ಅದು ಕಣ್ಣಿಗೆ ಚುಚ್ಚುವಂತಿದ್ದರೆ ಹಳೆ ಕಟ್ ಕೊಳ್ಳದಿರುವುದೇ ಮೇಲು; ಆಮೇಲೆ ಅಭ್ಯಾಸವಾಗುತ್ತದೆ ಎಂಬ ಸಮಾಧಾನ ನಂಬುವಂಥದ್ದಲ್ಲ.

ಇನ್ನೊಂದು ಸಂಶಯ, ಇದು ನಿಜವಾಗಿ ಹಳೆಯದೇ? ಇಂದಿಗೂ ಹಳೆ ವಿನ್ಯಾಸದಲ್ಲಿ ಹೊಸ ಕಲ್ಲು ಕತ್ತರಿಸುತ್ತಾರೆ, ಲ್ಯಾಬ್‌ನಲ್ಲಿ ಬೆಳೆಸಿದ ವಜ್ರದಲ್ಲೂ ಕತ್ತರಿಸುತ್ತಾರೆ. ಲ್ಯಾಬ್‌ನದು ಬಹಳ ಅಗ್ಗ, ಗೊತ್ತಿದ್ದು ಕೊಂಡರೆ ತಪ್ಪೇನಿಲ್ಲ. ಮಂಜುಮಂಜಾದ ಏರುತಗ್ಗಿನ ಗರ್ಡಲ್, ಒಂದಕ್ಕೊಂದು ಪೂರ್ತಿ ಹೊಂದದ ಮುಖಗಳು, ಮುಖಗಳ ಏಣುಗಳಲ್ಲಿ ಸವೆತ, ಇವು ವಯಸ್ಸಿನ ಕುರುಹು. ಲ್ಯಾಬ್ ವಜ್ರವೋ ಗಣಿಯದೋ ಎಂಬುದು ಮಾತ್ರ ಲೂಪ್‌ಗೆ ದಕ್ಕುವುದಿಲ್ಲ, ಅದಕ್ಕೆ ಪ್ರಯೋಗಾಲಯದ ವರದಿಯೇ ಬೇಕು. ವರದಿ ಇಲ್ಲದ ಮೂರನೆಯ ಕಲ್ಲನ್ನು ಬಿಡಲು ಇದೂ ಒಂದು ಕಾರಣ. ಹಳೆ ವಜ್ರ ಎಂದರೆ ಕಳಂಕವಿಲ್ಲದ್ದು ಎಂಬ ಮಾರಾಟದ ಮಾತನ್ನು ಮಾತ್ರ ಯಾರೂ ನುಂಗಬೇಕಿಲ್ಲ: ಹೊಸ ಗಣಿಗಾರಿಕೆ ಆಗದಿರುವುದು ನಿಜ, ಆದರೆ ದಕ್ಷಿಣ ಆಫ್ರಿಕದ ಗಣಿಯೂರು ಕಿಂಬರ್ಲಿಯಲ್ಲಿ ಕಪ್ಪು ಕಾರ್ಮಿಕರನ್ನು ಬೇಲಿಯೊಳಗೆ ಕೂಡಿಟ್ಟ ಕಾಲದ ಕಲ್ಲುಗಳೇ ಇವು.

ಬಿಲ್ಲಿನಲ್ಲಿ 'ಓಲ್ಡ್ ಯೂರೋಪಿಯನ್ ಬ್ರಿಲಿಯಂಟ್, 0.93, ಎಲ್, ಎಸ್ಐ1, ಗಣಿಯ ವಜ್ರ, ಯಾವುದೇ ಸಂಸ್ಕರಣೆ ಇಲ್ಲ' ಎಂದು ಬರೆಸಿ, ಹೊರಗಿನ ಪರೀಕ್ಷಕರು ಒಪ್ಪದಿದ್ದರೆ ಹತ್ತು ದಿನದಲ್ಲಿ ಪೂರ್ತಿ ಹಣ ವಾಪಸ್ ಎಂಬ ಸಾಲು ಸೇರಿಸಲಾಯಿತು. ಅಂಗಡಿಯ ಕ್ರೆಡಿಟ್ ಬೇರೆ, ಹಣ ವಾಪಸ್ ಬೇರೆ. ಕ್ರೌನ್ ತಗ್ಗು, ವರದಿ ಹಳೆಯದು ಎಂಬ ಎರಡು ಕಾರಣ ಮುಂದಿಟ್ಟಾಗ ಬೆಲೆ 3,300ಕ್ಕೆ ಇಳಿಯಿತು.

ಉಂಗುರ

ಎಲ್ ಬಣ್ಣದ ಕಲ್ಲನ್ನು ಪ್ಲಾಟಿನಂ ಅಥವಾ ಬಿಳಿ ಚಿನ್ನದಲ್ಲಿ ಕೂರಿಸಿದರೆ ಪಕ್ಕದ ಬಿಳಿಯಿಂದಲೇ ಹಳದಿ ಎದ್ದು ಕಾಣುತ್ತದೆ. ಆದ್ದರಿಂದ 18 ಕ್ಯಾರೆಟ್ ಹಳದಿ ಚಿನ್ನ. ಪ್ರಾಂಗ್ ಬೇಡವಾಯಿತು: ತೆಳು ಗರ್ಡಲ್‌ನ ಮೇಲೆ ನಾಲ್ಕು ಬಿಂದುಗಳಲ್ಲಿ ಒತ್ತಡ ಬೀಳುವುದಕ್ಕಿಂತ ಸುತ್ತಲೂ ಹಂಚುವ ಬೆಜೆಲ್, ಅಂದರೆ ಕಲ್ಲನ್ನು ಪೂರ್ತಿ ಬಳಸುವ ಚಿನ್ನದ ಅಂಚು, ಸುರಕ್ಷಿತ. ನಷ್ಟವೂ ಇದೆ, ಅಂಚು ಸುತ್ತಲೂ ಕಾಲು ಮಿ.ಮೀ.ನಷ್ಟು ಕಲ್ಲನ್ನು ನುಂಗುತ್ತದೆ. ಅಗಲವಾದ ಕಲ್ಲು ಆರಿಸಿದ್ದು ಇಲ್ಲಿ ಕೆಲಸಕ್ಕೆ ಬಂತು.

ಹೆಚ್ಚು ಕೆಡುವುದು ಈ ಹಂತದಲ್ಲೇ. ಕಂಪ್ಯೂಟರ್‌ನಲ್ಲಿ 6.3 ಮಿ.ಮೀ.ನ ಪೂರ್ಣ ವೃತ್ತಕ್ಕೆ ಮಾಡಿ ಎರಕ ಹೊಯ್ದ ಸಿದ್ಧ ತಲೆಯಲ್ಲಿ (ಉಂಗುರದಲ್ಲಿ ಕಲ್ಲು ಕೂರುವ ಭಾಗ) 6.28 – 6.36ರ, ಅಂಚು ಏರಿಳಿಯುವ ಕಲ್ಲು ಸಮವಾಗಿ ಕೂರುವುದಿಲ್ಲ. ಒಂದು ಕಡೆ ಆಡುತ್ತದೆ, ಇನ್ನೊಂದು ಕಡೆ ಚಿನ್ನ ಒತ್ತಿದಾಗ ಚಿಪ್ಪು ಹಾರುತ್ತದೆ. ಅಳತೆ ಕಳುಹಿಸಿದರೆ ಸಾಲದು, ಕಲ್ಲನ್ನೇ ಕೆಲಸಗಾರರ ಮೇಜಿಗೆ ಕೊಡಬೇಕು. ಇಲ್ಲಿ 22 ಕ್ಯಾರೆಟ್ ಚಿನ್ನದ 0.45 ಮಿ.ಮೀ. ದಪ್ಪದ ಪಟ್ಟಿಯನ್ನು ಕಲ್ಲಿಗೇ ಸುತ್ತಿ ಬೆಜೆಲ್ ಮಾಡಿ, 18 ಕ್ಯಾರೆಟ್‌ನ ಉಂಗುರಕ್ಕೆ ಬೆಸೆದರು. 22 ಮೆತ್ತಗಿನದು, ಕಡಿಮೆ ಒತ್ತಡಕ್ಕೆ ಬಾಗುತ್ತದೆ. ಬೆಸುಗೆ ಕಲ್ಲು ಕೂರಿಸುವ ಮೊದಲು. ಫೆದರ್ ಇರುವ ಜಾಗವನ್ನು ಕೆಲಸಗಾರರಿಗೆ ಪ್ಲಾಟ್ ಮೇಲೆ ಗುರುತಿಸಿ ಕೊಟ್ಟದ್ದರಿಂದ ಅಲ್ಲಿ ಸುತ್ತಿಗೆ ಬಳಸದೆ ಒತ್ತುಗೋಲಿನಿಂದ ನಿಧಾನವಾಗಿ ಮಡಚಲಾಯಿತು. ಅಡಿಭಾಗ ತೆರೆದಿದೆ, ಕ್ಯುಲೆಟ್ ಬೆರಳಿಗೆ ತಾಗದಷ್ಟು ಎತ್ತರವಿದೆ. ಬೆರಳನ್ನು ಸುತ್ತುವ ಪಟ್ಟಿಯ ಅಗಲ 2 ಮಿ.ಮೀ., ದಪ್ಪ 1.7, ಇದಕ್ಕಿಂತ ತೆಳುವಾದರೆ ಉಂಗುರ ಅಂಡಾಕಾರಕ್ಕೆ ತಿರುಗಿ ಬೆಜೆಲ್ ಸಡಿಲವಾಗುತ್ತದೆ. ಕೂರಿಸುವಾಗ ಕಲ್ಲು ಒಡೆದರೆ ಹೊಣೆ ಯಾರದು ಎಂದು ಮೊದಲೇ ಕೇಳಬೇಕು. ಗಿರಾಕಿ ತಂದ ಕಲ್ಲಿಗೆ ಹೊಣೆ ಹೊರದ ಅಂಗಡಿಗಳು ಬಹಳ, ಹಾಗಾಗಿ ವಿಮೆ ಕೂರಿಸುವ ಮುಂಚೆಯೇ ಶುರುವಾಗಿರಬೇಕು. ಕೆಲಸದ ಮೇಜಿನ ಮೇಲೆ ಆಗುವ ಹಾನಿ ಅದರಲ್ಲಿ ಸೇರಿದೆಯೇ ಎಂದೂ ಓದಿಕೊಳ್ಳಬೇಕು.

ವಿಮೆಗೆ ಕೊಡುವ ಮೌಲ್ಯಮಾಪನ ಪತ್ರದಲ್ಲಿ 'ದುಂಡು ವಜ್ರ' ಎಂದಷ್ಟೇ ಇದ್ದರೆ, ಕಳೆದುಹೋದಾಗ ಕಂಪನಿ ಹೊಸ ರೌಂಡ್ ಬ್ರಿಲಿಯಂಟ್ ಕೊಟ್ಟು ಕೈತೊಳೆದುಕೊಳ್ಳಬಹುದು. ಕಟ್‌ನ ಹೆಸರು, ಮಿ.ಮೀ., ಕ್ಯುಲೆಟ್, ಕೋನಗಳು, ಫೋಟೋ ಎಲ್ಲ ಅದರಲ್ಲಿರಬೇಕು. ಸಂತೋಷಕ್ಕೆಂದು ಎಂಟು ಸಾವಿರ ಬರೆಸಿಕೊಂಡರೆ ಏರುವುದು ಕಂತು ಮಾತ್ರ.

ಕೊನೆಯ ಲೆಕ್ಕ: ಕಲ್ಲು 3,300, ಉಂಗುರ 1,240 (22 ಕ್ಯಾರೆಟ್ ಬೆಜೆಲ್‌ಗೆ 90 ಹೆಚ್ಚು), ತೆರಿಗೆ ಸುಮಾರು 403, ಪರೀಕ್ಷಕರಿಗೆ 125, ಒಟ್ಟು 5,068. ಉಳಿದ 432ರಲ್ಲಿ ಮೊದಲ ವರ್ಷದ ವಿಮೆ, ಮಿಕ್ಕಿದ್ದು ಮುಂದೆ ಅಳತೆ ಬದಲಿಸಲು. ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ. ಒಗ್ಗರಣೆಯ ಎಣ್ಣೆ, ಚಪಾತಿ ಹಿಟ್ಟು ಅಡಿಯಲ್ಲಿ ಸೇರಿದರೆ ಎಲ್ ಬಣ್ಣ ಕಂದಿ ಕಾಣುತ್ತದೆ. ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರು, ಪಾತ್ರೆ ಸೋಪು, ಮೆತ್ತನೆಯ ಬ್ರಷ್ ಸಾಕು. ಫೆದರ್ ಇರುವುದರಿಂದ ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕುವಂತಿಲ್ಲ. ಆರು ತಿಂಗಳಿಗೊಮ್ಮೆ ಕಿವಿಯ ಹತ್ತಿರ ಹಿಡಿದು ತಟ್ಟಿದಾಗ ಟಿಕ್ ಟಿಕ್ ಸದ್ದು ಬಂದರೆ ಧರಿಸುವುದನ್ನು ನಿಲ್ಲಿಸಿ ಬೆಜೆಲ್ ಮತ್ತೆ ಒತ್ತಿಸಬೇಕು. ತಗ್ಗು ಬೆಜೆಲ್‌ನ ಪಕ್ಕಕ್ಕೆ ಮದುವೆಯ ನೇರ ಉಂಗುರ ಅಂಟಿ ಕೂರುವುದಿಲ್ಲ, ಬಳುಕಿಸಿದ್ದೇ ಮಾಡಿಸಬೇಕು. ತಾಳಿ, ಕಾಲುಂಗುರದ ಮದುವೆಯಾದ್ದರಿಂದ ಈ ಜೋಡಿಗೆ ಆ ಖರ್ಚು ಬರಲಿಲ್ಲ.